ಆರು ನಮೂನೆಯ ಕೂಗು

ಕಲ್ಲೋಳಿಯ ಆ ಮನೆಯಲ್ಲಿ ಏನೇ ಕೂಗಿದರೂ ಏಳುವವಳು ದಾಕ್ಷಾಯಿಣಿ. ಕುಕ್ಕರ್ ಕೂಗಿದರೆ ಅವಳು, ಬಾಗಿಲಲ್ಲಿ ಕಾಯಿಪಲ್ಯದವಳು ಕೂಗಿದರೆ ಅವಳು, ಹಿತ್ತಲಲ್ಲಿ ಎಮ್ಮೆ ಕೂಗಿದರೆ ಅವಳು. ನಲ್ಲಿಯಲ್ಲಿ ನೀರು ಬರುವ ಮೊದಲು ಗಾಳಿ ಸುಂಯ್ ಅನ್ನುತ್ತದಲ್ಲ, ಅದು ಮನೆಯಲ್ಲಿ ಅವಳೊಬ್ಬಳ ಕಿವಿಗೆ ಮಾತ್ರ ಬೀಳುತ್ತದೆ.

ಗಂಡ ಅಣ್ಣಪ್ಪನ ಕಿವಿಯಲ್ಲಿ ದೋಷವೇನೂ ಇಲ್ಲ. ಮೂಡಲಗಿಯಲ್ಲಿ ಅವನದು ಪೈಪು ಮತ್ತು ನೀರಿನ ಮೋಟಾರಿನ ಅಂಗಡಿ. ರಿಪೇರಿಗೆ ಬಂದ ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವ ಕಿವಿ ಅದು. ಮಧ್ಯಾಹ್ನ ಬೈಕಿನಲ್ಲಿ ಮನೆಗೆ ಬಂದು, ಉಂಡು, ಪಡಸಾಲೆಯ ಮಂಚದ ಮೇಲೆ ಅಡ್ಡಾದ ಮೇಲೆ ಮಾತ್ರ ಅದು ಕೆಲಸ ನಿಲ್ಲಿಸುತ್ತದೆ. ಪೂರ್ತಿ ನಿಲ್ಲಿಸುವುದಿಲ್ಲ. "ಏ, ಒಳಗ ಏನೋ ಒದರಾಕತ್ತೈತಿ ನೋಡ" ಎಂದು ಹೇಳುವಷ್ಟು ಕೇಳಿಸುತ್ತದೆ.

ದಾಕ್ಷಾಯಿಣಿ ಕೌಜಲಗಿಯ ಒಕ್ಕಲುತನದ ಮನೆಯ ಮಗಳು. ಮದುವೆಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದಳು. ಕಬ್ಬು ಹೇರಿದ ಟ್ರೇಲರನ್ನು ಹೊಲದ ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಅಣ್ಣಂದಿರು ಬದುವಿನ ಮೇಲೆ ನಿಂತು ಸುಮ್ಮನೆ ನೋಡುತ್ತಿದ್ದರು. ಮದುವೆಯಾದ ಮೇಲೆ ಆ ವಿದ್ಯೆ, ತವರಿನಿಂದ ತಂದ ಹಿತ್ತಾಳೆ ಕೊಡದ ಜೊತೆಗೆ ಅಟ್ಟ ಸೇರಿತು. ಕೈಗೆ ಬಂದದ್ದು ರೊಟ್ಟಿ. ಮನೆ ಮಂದಿಗೆ ಬಡಿಯುತ್ತಿದ್ದ ಜೋಳದ ರೊಟ್ಟಿಯನ್ನೇ ಒಲೆಯ ಬದಿಗೆ ಒರಗಿಸಿ, ಹಪ್ಪಳದಂತೆ ಗರಿಗರಿಯಾಗಿಸಿ, ಕಡಕ್ ರೊಟ್ಟಿ ಮಾಡಿ ಮಾರತೊಡಗಿದಳು. ಮೊದಲು ಗೋಕಾಕದ ಒಂದೆರಡು ಅಂಗಡಿಗೆ, ಆಮೇಲೆ ಹುಕ್ಕೇರಿಯ ಕಸ್ತೂರಿಯ ಖಾನಾವಳಿಗೆ.

ಹುಕ್ಕೇರಿಯದೇ ದೊಡ್ಡ ಗಿರಾಕಿ, ಹುಕ್ಕೇರಿಯದೇ ದೊಡ್ಡ ಫಜೀತಿ. ಕಲ್ಲೋಳಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ಹುಕ್ಕೇರಿಗೆ ಇನ್ನೊಂದು. ಕಡಕ್ ರೊಟ್ಟಿಯ ಗುಣ ಗೊತ್ತಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ, ಒಂದು ಮೊಣಕೈ ತಾಗಿದರೆ ಉಳಿಯುವುದಿಲ್ಲ. ಒಮ್ಮೆ ಘಟಪ್ರಭಾದಲ್ಲಿ ಹತ್ತಿದ ಮಾಸ್ತರರೊಬ್ಬರು ಪೇಪರ್ ಓದುತ್ತಲೇ, ಹಿಂದಿನ ಸೀಟಿನ ಮೇಲಿಟ್ಟಿದ್ದ ಬುಟ್ಟಿಯ ಮೇಲೆ ಕೂತರು. ಮುಂದೆ ಬಾಗಿಲ ಹತ್ತಿರ ಸಿಕ್ಕಿಹಾಕಿಕೊಂಡಿದ್ದ ದಾಕ್ಷಾಯಿಣಿ ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಹುಕ್ಕೇರಿಯಲ್ಲಿ ಇಳಿಯುವಾಗ, "ಈ ಸೀಟ ಭಾಳ ಸಪ್ಪಳ ಮಾಡತೈತಿ, ಡಿಪೋದಾಗ ಹೇಳ್ರಿ" ಎಂದು ಕಂಡಕ್ಟರನಿಗೆ ದೂರು ಕೊಟ್ಟು ಹೋದರು.

ಆ ದಿನ ಕಸ್ತೂರಿ ಬುಟ್ಟಿಯ ಬಟ್ಟೆ ಸರಿಸಿ ನೋಡಿ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾರ, ನಿಮ್ಮ ರೊಟ್ಟಿ ರುಚೀಗೆ ಏನೂ ಅನ್ನೂಹಂಗ ಇಲ್ಲ" ಎಂದಳು. "ಆದರ ಗಿರಾಕಿ ತಾಟಿನಾಗ ಚೂರ ಹಾಕಿದ್ರ, ಹಿಂದಿನವ ಉಂಡ ಬಿಟ್ಟದ್ದು ನನಗ ಹಾಕಿದೇನವಾ ಅಂತಾನ. ದೀಪಾವಳಿ ಮುಗದ ಮೊದಲನೇ ಗುರುವಾರದ ತನಕ ನೋಡತೇನಿ. ಇಡೀ ರೊಟ್ಟಿ ಬಂದ್ರ ವಾರಾವಾರಾ ನಿಮ್ಮ ಕಡೇನ ತಗೋತೇನಿ. ಇಲ್ಲಂದ್ರ ಸಂಕೇಶ್ವರದವರು ಕೇಳಾಕತ್ತಾರ, ಅವರಿಗೆ ಹೂಂ ಅಂತೇನಿ. ಸಿಟ್ಟ ಆಗಬ್ಯಾಡ್ರಿ."

ಮುರಿದ ರೊಟ್ಟಿಯನ್ನೆಲ್ಲ ದಾಕ್ಷಾಯಿಣಿ ವಾಪಸು ತಂದಳು. ಆ ವಾರ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಚೂರಿಗೆ ಮೊಸರು, ಮಧ್ಯಾಹ್ನ ರೊಟ್ಟಿ ಚೂರಿಗೆ ಸಾರು, ಸಂಜೆ ರೊಟ್ಟಿ ಚೂರಿನ ಒಗ್ಗರಣೆ. ಅತ್ತೆ ಚನ್ನವ್ವ ಇದ್ದೆರಡು ಹಲ್ಲಿನಲ್ಲಿ ಅಗಿಯುತ್ತ, "ಆ ಮಾಸ್ತರ ಇನ್ನೊಮ್ಮೆ ಕುಂತರ, ಹಿಟ್ಟ ಆಗೂ ತನಕ ಏಳಬ್ಯಾಡ ಅನ್ನು. ನನಗ ಅನುಕೂಲ" ಎಂದಳು.

ಇಂಥ ಹೊತ್ತಿನಲ್ಲಿ ಅಣ್ಣಪ್ಪ ಕಾರು ಕೊಳ್ಳುವ ಮಾತು ತೆಗೆದ. ದೊಡ್ಡಪ್ಪನ ಮಗ ಕೊಂಡಿದ್ದ, ಹಾಗಾಗಿ ಇವನೂ ಕೊಳ್ಳಬೇಕಿತ್ತು. ಬೇರೆ ಕಾರಣ ಇರಲಿಲ್ಲ. ಮೂಡಲಗಿಯ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ, ಅಲ್ಲಿಗೆ ಬೈಕೇ. ಅಂದರೆ ಕಾರು ವಾರವಿಡೀ ಮನೆಯ ಕಟ್ಟೆಯ ಪಕ್ಕ ನಿಂತಿರುವುದು ಖಾತ್ರಿ. ದಾಕ್ಷಾಯಿಣಿ ಲೆಕ್ಕ ಹಾಕಿದಳು. ಗೋಕಾಕದ ಅಂಗಡಿಗಳಿಗೆ ರೊಟ್ಟಿ ಕೊಡಲು ಹೋದಾಗಲೆಲ್ಲ ಅಲ್ಲಿನ ಡ್ರೈವಿಂಗ್ ಸ್ಕೂಲಿಗೂ ಹೋದಳು. ಕಲಿಸುವವನು ಎರಡನೇ ದಿನವೇ, "ಅಕ್ಕಾರ, ನೀವು ಕಲ್ತ ಬಂದೀರಿ, ಬರೇ ಪರೀಕ್ಷಾ ಕೊಟ್ಟಬಿಡ್ರಿ" ಎಂದ. ಲೈಸೆನ್ಸ್ ಅಂಚೆಯಲ್ಲಿ ಬಂದ ದಿನ ಅದನ್ನು ಗಂಡನ ಊಟದ ತಾಟಿನ ಪಕ್ಕ, ಉಪ್ಪಿನಕಾಯಿ ಇಡುವ ಕಡೆ ಇಟ್ಟಳು.

ಅಣ್ಣಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಫೋಟೋ ಛಲೋ ಬಂದೈತಿ" ಎಂದ.

"ಗುರುವಾರ ಒಂದ ದಿನ ಕಾರ ನನಗ ಕೊಡ್ರಿ. ಹುಕ್ಕೇರಿಗೆ ರೊಟ್ಟಿ ಮುಟ್ಟಿಸಿ ಬರತೇನಿ."

"ನಿನಗ್ಯಾಕ ಆ ತ್ರಾಸ? ನಾನ ಕರಕೊಂಡ ಹೊಕ್ಕೇನಿ ಬಿಡ."

ಈ ಮಾತನ್ನು ಆ ಮನೆಯ ಗೋಡೆಗಳು ಮೊದಲೂ ಕೇಳಿದ್ದವು. ನೀರಿನ ಟಾಕಿ ತೊಳೆಯುವಾಗ, ಜೋಳದ ಚೀಲ ಇಳಿಸುವಾಗ, ಚನ್ನವ್ವನ ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಇದೇ ಮಾತು ಆಡಿದ್ದ. ಟಾಕಿ ತೊಳೆದವಳು, ಚೀಲ ಇಳಿಸಿದವಳು, ಆಸ್ಪತ್ರೆಯ ಬಾಕಿನ ಮೇಲೆ ಕೂತವಳು ಯಾರೆಂದು ಗೋಡೆಗಳಿಗೂ ಗೊತ್ತಿತ್ತು.

ಗೋಕಾಕದ ಶೋರೂಮಿಗೆ ಮೂವರೂ ಹೋದರು. ಚನ್ನವ್ವ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ಎಲೆ ಅಡಿಕೆಯ ಸಂಚಿ ಬಿಚ್ಚಿ, ಅದು ತನ್ನದೇ ಎಂದು ತೀರ್ಮಾನಿಸಿದಳು. ಅಜಿತ ಎಂಬ ಟೈ ಕಟ್ಟಿದ ಹುಡುಗ ವಿವರಿಸಿದ. ಒಂದು ಮಾದರಿಗೆ ಅಲಾರಂ ಕಂಪನಿಯಿಂದಲೇ ಬರುತ್ತದೆ, ಆದರೆ ಸ್ವಲ್ಪ ದಿನ ಕಾಯಬೇಕು. ಕೆಳಗಿನ ಮಾದರಿ ಇವತ್ತೇ ಒಯ್ಯಬಹುದು, ಅದಕ್ಕೆ ಅಲಾರಂ ಇಲ್ಲ.

"ಕಂಪನೀದು ಹ್ಯಾಂಗ ಒದರತೈತಿ, ಒಂದ ಸಲ ಒದರಸ್ರಿ" ಎಂದ ಅಣ್ಣಪ್ಪ.

ಅಜಿತ ಚಾವಿಯ ಗುಂಡಿ ಒತ್ತಿದ. ಕಾರು ತನ್ನದೇ ಹಾರ್ನಿನಲ್ಲಿ ಪೀಂ ಪೀಂ ಎಂದು, ದೀಪ ಮಿಟುಕಿಸಿ, ಸಂಕೋಚಪಟ್ಟು ಸುಮ್ಮನಾಯಿತು.

"ಇಷ್ಟ? ನಮ್ಮ ಎಮ್ಮಿ ಇದಕ್ಕಿಂತ ಜೋರ ಒದರತೈತಿ."

"ಕಾರಣಾ ಇಲ್ಲದ ಒದರೂದಿಲ್ಲ ಸಾಹುಕಾರ್ರ" ಎಂದ ಅಜಿತ. "ಚಾವಿ ಇಲ್ಲದ ಯಾರರ ಬಾಗಲಾ ತಗದ್ರಷ್ಟ ಒದರತೈತಿ. ಎರಡ ಚಾವಿ ಬರತಾವ, ಎರಡರ ಗುರ್ತೂ ಕಾರಿಗೆ ಇರತೈತಿ. ಹೊರಗ ಹಾಕಸಿದ್ರ ವೈರ್ ಕತ್ತರಸಬೇಕಾಕೈತಿ, ಮುಂದ ವಾರಂಟಿಗೆ ತೊಂದ್ರಿ."

ಎರಡು ಚಾವಿ, ಎರಡರ ಗುರುತೂ ಕಾರಿಗೆ ಇರುತ್ತದೆ. ದಾಕ್ಷಾಯಿಣಿಗೆ ಬೇರೇನೂ ಕೇಳಿಸಲಿಲ್ಲ. "ಇದ ಇರಲಿ ಬಿಡ್ರಿ" ಎಂದಳು.

ಆದರೆ ಅಣ್ಣಪ್ಪ ಆಗಲೇ ರಸ್ತೆ ದಾಟಿ, ಸೀಟ್ ಕವರ್ ಮಾರುವ ರಾಜಪ್ಪನ ಅಂಗಡಿಯ ಮುಂದೆ ನಿಂತಿದ್ದ. ರಾಜಪ್ಪ ಹಲಗೆಯ ಮೇಲೆ ಜೋಡಿಸಿಟ್ಟ ಸೈರನ್ನಿನ ಗುಂಡಿ ಒತ್ತಿದ. ಅದರೊಳಗೆ ಆರು ನಮೂನೆಯ ಕೂಗು. ಪೊಲೀಸ್ ಗಾಡಿಯದು, ಆಂಬುಲೆನ್ಸಿನದು, ಬೆಂಕಿ ಆರಿಸುವ ಗಾಡಿಯದು, ಬೆದರಿದ ನವಿಲಿನಂಥದು, ಹುಡುಗರ ಪೀಪಿಯಂಥದು. ಆರನೆಯದು ಭೂಮಿಯ ಮೇಲಿನ ಯಾವುದನ್ನೂ ಹೋಲುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ಅಣ್ಣಪ್ಪನನ್ನು ನೋಡಿದರು. ಅವನ ಮುಖದಲ್ಲಿ ಮದುವೆಯ ದಿನವೂ ಕಾಣದ ಕಳೆ ಬಂತು.

ದಾಕ್ಷಾಯಿಣಿ ಒಂದೇ ಪ್ರಶ್ನೆ ಕೇಳಿದಳು. "ರಾಜಪ್ಪ ಅಣ್ಣಾರ, ಕಳ್ಳ ಬಂದ್ರ ಒದರತೈತಿ, ಖರೆ. ನಾ ಬಂದ್ರ?"

"ರಿಮೋಟ ಒತ್ತಿದ್ರ ಸುಮ್ಮನಿರತೈತ್ರಿ. ಇಲ್ಲಂದ್ರ ಚಾವಿ ಇದ್ರೂ ಒದರತೈತಿ. ಅದಕ್ಕ ಯಾರಾದ್ರೇನ್ರಿ? ಚಿಂತಿ ಮಾಡಬ್ಯಾಡ್ರಿ, ಪೆಟ್ಟಿಗ್ಯಾಗ ಎರಡ ರಿಮೋಟ ಇರತಾವ."

"ಕಂಪನೀದು ಎಲ್ಲಾ ಕಾರಿಗೂ ಒಂದ ದನಿ" ಎಂದು ಅಣ್ಣಪ್ಪ ಹೆಂಡತಿಗೆ ತಿಳಿಸಿ ಹೇಳಿದ. "ಯಾರ ಕಾರ ಒದರಾಕತ್ತೈತಿ ಅಂತ ಊರಾಗ ಹ್ಯಾಂಗ ಗೊತ್ತಾಗಬೇಕು? ಇದು ಒದರಿದ್ರ ಅಣ್ಣಪ್ಪಂದು ಅಂತ ಕೌಜಲಗಿ ಮಟ ಗೊತ್ತಾಕೈತಿ. ನಿನ್ನ ತವರಮನಿಗೂ ಕೇಳಬೇಕಲ್ಲ?"

ಶೋರೂಮಿನಿಂದ ಇಳಿದು ಬಂದ ಚನ್ನವ್ವ ಎಲ್ಲವನ್ನೂ ಕೇಳಿಸಿಕೊಂಡು, ಅಡಿಕೆ ಕಡಿದು ಹೇಳಿದಳು. "ಒದರೂದೇನ್ ದೊಡ್ಡದಲ್ಲ ತಮ್ಮಾ. ಒದರಿದಾಗ ಏಳವರು ಯಾರು?"

ಅಣ್ಣಪ್ಪ ಆಗಲೇ ಕೆಳಗಿನ ಮಾದರಿಗೆ ಆ ಸೈರನ್ ಕೂಡಿಸಲು ರಾಜಪ್ಪನಿಗೆ ಹಣ ಎಣಿಸುತ್ತಿದ್ದ.

ಅಲಾರಂ ಕೂಡಿಸಿಕೊಂಡು ಬಿಳಿ ಕಾರು ಮನೆಗೆ ಬಂದ ದಿನ ಅಣ್ಣಪ್ಪನ ಕೈಯಲ್ಲಿ ಒಂದು ಚಾವಿ, ಒಂದು ರಿಮೋಟು ಇತ್ತು.

"ಇನ್ನೊಂದು?" ಎಂದಳು ದಾಕ್ಷಾಯಿಣಿ.

"ಚಾವಿ ಭದ್ರ ಇಟ್ಟೇನಿ. ರಿಮೋಟ ಒಂದ ಬಂತು. ಎರಡನೇದು ಆಮ್ಯಾಲ ಕೊಡತಾರಂತ."

ರಿಮೋಟನ್ನು ಅವನು ಉಡದಾರಕ್ಕೆ ಕಟ್ಟಿಕೊಂಡ. ಸ್ನಾನದ ಹೊತ್ತು ಬಿಟ್ಟರೆ ಅದು ಅಲ್ಲಿಂದ ಕದಲಲಿಲ್ಲ.

ಅಲಾರಂ ಎಷ್ಟು ಸೂಕ್ಷ್ಮವಾಗಿ ಇರಬೇಕೆಂದು ರಾಜಪ್ಪ ಕೇಳಿದ್ದನಂತೆ. "ಫುಲ್ ಇಡ್ರಿ" ಎಂದಿದ್ದನಂತೆ ಅಣ್ಣಪ್ಪ. ಫುಲ್ ಅಂದರೆ ಏನೆಂದು ಓಣಿಗೆ ಮರುದಿನದಿಂದ ತಿಳಿಯಿತು. ಬೆಕ್ಕು ಹಾರಿದರೆ ಕೂಗಿತು. ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋದರೆ ಅದರ ಜೊತೆ ಕೂಗಿತು. ಎದುರು ಮನೆಯ ಲಗಮಪ್ಪ, ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದವನು, ಜೋರಾಗಿ ಸೀನಿದರೂ ಕೂಗಿತು. ಅರ್ಧ ನಿಮಿಷ ಕೂಗುವುದು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನಿರುವುದು, ಆಮೇಲೆ ಇನ್ನೊಂದು ನಮೂನೆಯಲ್ಲಿ ಶುರು ಮಾಡುವುದು. ರಿಮೋಟು ಒತ್ತುವ ತನಕ ಹೀಗೆಯೇ.

ಅಣ್ಣಪ್ಪ ಮೂಡಲಗಿಯಲ್ಲಿದ್ದಾಗ ಕೂಗಿದರೆ ಲಗಮಪ್ಪ ಫೋನು ಮಾಡುತ್ತಿದ್ದ. "ಅಣ್ಣಪ್ಪಾ, ನಿನ್ನ ಕಾರ ನಿನ್ನ ನೆನಸಾಕತ್ತೈತಿ ಬಾರಪಾ." ಗಿರಾಕಿಯನ್ನು ಬಿಟ್ಟು, ಬೈಕು ಹತ್ತಿ ಬಂದು, ಗುಂಡಿ ಒತ್ತಿ ಹೋಗಬೇಕು. ಬರುವಷ್ಟರಲ್ಲಿ ಆರೂ ನಮೂನೆ ಹಲವು ಸುತ್ತು ಮುಗಿದಿರುತ್ತಿದ್ದವು.

ಮಧ್ಯಾಹ್ನದ್ದೇ ಬೇರೆ. ಅವನು ಮಲಗಿದ್ದ ಹೊತ್ತಿನಲ್ಲಿ ಕಾರು ಮೊದಲ ಸಲ ಕೂಗಿದಾಗ ರೂಢಿಯಂತೆ "ಏ, ನೋಡ..." ಎಂದ. ದಾಕ್ಷಾಯಿಣಿ ರೂಢಿಯಂತೆ ಅರ್ಧ ಎದ್ದಳು. ಆಮೇಲೆ ನೆನಪಾಯಿತು. ರಿಮೋಟು ಉಡದಾರದಲ್ಲಿದೆ, ಉಡದಾರ ಗಂಡನ ಸೊಂಟದಲ್ಲಿದೆ. ಮತ್ತೆ ಕೂತಳು. ಅಣ್ಣಪ್ಪ ಒಂದು ಕಣ್ಣು ತೆಗೆದ. ಎರಡನೆಯದು ತೆಗೆದ. ಎದ್ದು, ಲುಂಗಿ ಬಿಗಿದು, ಚಪ್ಪಲಿ ಹುಡುಕಿ, ಹೊರಗೆ ಹೋದ. ದಾಕ್ಷಾಯಿಣಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಕೂಗಿದ್ದಕ್ಕೆ ಗಂಡ ಏಳುವುದನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಪರವಾಗಿಲ್ಲ, ಚೆನ್ನಾಗಿಯೇ ಏಳುತ್ತಾನೆ ಅನಿಸಿತು.

ಈ ನೋಟದ ಬೆಲೆ ತಿಳಿದವಳು ಇನ್ನೊಬ್ಬಳೂ ಆ ಮನೆಯಲ್ಲಿದ್ದಳು. ಊಟವಾದ ಮೇಲೆ ಚನ್ನವ್ವ ಕಟ್ಟೆಯ ಮೇಲೆ, ಕಾರಿನ ಪಕ್ಕಕ್ಕೆ, ಬಡಿಗೆ ಹಿಡಿದು ಕೂರುತ್ತಿದ್ದಳು. ಒಳಗೆ ಮಗನ ಗೊರಕೆ ಹದಕ್ಕೆ ಬಂದದ್ದು ಕಿವಿಗೆ ಬಿದ್ದ ಮೇಲೆ ಬಡಿಗೆಯ ತುದಿ ಮೆಲ್ಲಗೆ ಹೋಗಿ ಕಾರಿನ ಗಾಲಿಗೆ ತಾಗುತ್ತಿತ್ತು.

"ಯವ್ವಾ, ನೀ ಏನರ ಮುಟ್ಟಿದೇನು?" ಎಂದು ಅಣ್ಣಪ್ಪ ಹೊರಗೆ ಓಡಿ ಬರುತ್ತಿದ್ದ.

"ನಾ ಯಾಕ ಮುಟ್ಟಲೋ? ಬಡಿಗಿ ಜಾರಿತು."

ದಾಕ್ಷಾಯಿಣಿ ಇದನ್ನು ಕಿಟಕಿಯಿಂದ ನೋಡಿದಳು. ಮರುದಿನದಿಂದ ಕಟ್ಟೆಯ ಮೇಲೆ ಅತ್ತೆಗೆ ಒಂದು ಕೌದಿ ಮಡಚಿ ಹಾಕಿದಳು, ಚಹಾ ಸ್ವಲ್ಪ ಬೇಗ ಕೊಟ್ಟಳು.

"ನಿಮ್ಮ ಮಾವ" ಎಂದಳು ಚನ್ನವ್ವ ಒಂದು ದಿನ, ಬಸಿಯಲ್ಲಿ ಚಹಾ ಆರಿಸುತ್ತ, "ಹಾಸಗ್ಯಾಗಿಂದ ನೀರ ಬೇಡತಿದ್ದ. ತಂಬಗಿ ಅಂವನ ತಲಿ ಕಡೇನ ಇರತಿತ್ತು. ನಾ ಹಿತ್ತಲದಾಗಿಂದ ಬಂದು ತಂಬಗಿ ಎತ್ತಿ ಕೈಯಾಗ ಕೊಡಬೇಕು. ಆವಾಗ ಇಂಥಾದೊಂದು ಬಂದಿರಲಿಲ್ಲ ನೋಡ."

ನಗು ಇತ್ತು, ಆದರೆ ಗುರುವಾರ ಬರುತ್ತಲೇ ಇತ್ತು. ಗುರುವಾರ ಅಣ್ಣಪ್ಪನ ಅಂಗಡಿಗೆ ರಜೆ. ಅವನ ರಜೆಯ ದಿನ ದಾಕ್ಷಾಯಿಣಿಗೆ ಎರಡು ಬಗೆ ಅಡುಗೆ ಹೆಚ್ಚು. ಕರೆದುಕೊಂಡು ಹೋಗುತ್ತೇನೆ ಎಂದವನಿಗೆ ಮೊದಲ ಗುರುವಾರ ಸೊಂಟ ಹಿಡಿದಿತ್ತು. ಮುಂದಿನ ಗುರುವಾರ, ಕಾರಿಗೆ ಧೂಳಾಗುತ್ತದೆ, ಘಟಪ್ರಭಾ ರಸ್ತೆ ಸರಿ ಇಲ್ಲ ಎಂದ. ಅದರ ಮುಂದಿನ ಗುರುವಾರ, "ವಾರಕ್ಕ ಒಂದ ದಿನ ಆರಾಮ ಸಿಗತೈತಿ, ಅದೂ ಬ್ಯಾಡೇನು?" ಎಂದ. ಮೂರು ಸಲವೂ ಅವಳು ಬಸ್ಸಿಗೆ ಹೋದಳು. ಮೂರು ಸಲವೂ ಮನೆಯವರು ಚೂರು ತಿಂದರು. ಕಸ್ತೂರಿ ಕೈಬೆರಳು ಮಡಚಿ, "ದೀಪಾವಳಿ ಬಂತ್ರಿ ಅಕ್ಕಾರ" ಎಂದಳು.

ಅತ್ತ ಅಣ್ಣಪ್ಪನಿಗೂ ಏಳುವುದು ಸಾಕಾಗಿತ್ತು. ಒಂದು ಮಧ್ಯಾಹ್ನ ಉಡದಾರದಿಂದ ರಿಮೋಟು ಬಿಚ್ಚಿ ಹೆಂಡತಿಯ ಮುಂದೆ ಹಿಡಿದ.

"ತಗೊ, ಇದನ್ನ ನೀನ ಇಟಗೊ. ಒದರಿದ್ರ ಒತ್ತು."

"ಚಾವಿ?"

"ಚಾವಿ ಯಾಕ? ಬಂದ್ ಮಾಡಾಕ ರಿಮೋಟ ಸಾಕು."

ದಾಕ್ಷಾಯಿಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಾಯಿ ಮುಚ್ಚಸೂ ಕೆಲಸ ನನಗ, ಹತ್ತಿ ಕೂಡೂ ಕೆಲಸ ನಿಮಗ. ಹಂಗಾದ್ರ ಬ್ಯಾಡ್ರಿ. ಗಂಡಸರ ಸಾಮಾನು, ಎಲ್ಲೆರ ಹಿಟ್ಟಿನಾಗ ಬಿದ್ದಗಿದ್ದೀತು."

ರಿಮೋಟು ಉಡದಾರಕ್ಕೆ ಮರಳಿತು.

ದೀಪಾವಳಿ ಹತ್ತಿರ ಬಂತು, ಮನೆ ಝಾಡಿಸುವ ಕೆಲಸ ಬಂತು. ಅಟ್ಟ ಹತ್ತಿದವಳು ದಾಕ್ಷಾಯಿಣಿ. ಅಣ್ಣಪ್ಪ ಕೆಳಗಿನಿಂದ ಏಣಿ ಹಿಡಿದಿದ್ದ, ಆಮೇಲೆ ಯಾವುದೋ ಫೋನು ಬಂದು ಏಣಿ ಬಿಟ್ಟು ಹೋದ. ಅಟ್ಟದ ಮೂಲೆಯಲ್ಲಿ, ಮಿಕ್ಸರಿನ ಹಳೆಯ ಪೆಟ್ಟಿಗೆಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಒಂದು ಚಾವಿ ಇತ್ತು. ಅದರ ಜೊತೆಗೆ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದ ಎರಡನೆಯ ರಿಮೋಟು. ಅಂದರೆ ಅದು ಮೊದಲ ದಿನವೇ ಬಂದಿತ್ತು.

ಹೆಂಡತಿಯಿಂದ ವಸ್ತು ಮುಚ್ಚಿಡಲು ಅಟ್ಟವೇ ಸರಿಯಾದ ಜಾಗ ಎಂದು ಅಟ್ಟವನ್ನು ಎಂದೂ ಗುಡಿಸದವನು ಮಾತ್ರ ಅಂದುಕೊಳ್ಳಲು ಸಾಧ್ಯ. ಅಲ್ಲಿಯೇ ಜೇಡರ ಬಲೆಯ ನಡುವೆ ಕೂತು ದಾಕ್ಷಾಯಿಣಿ ಮೊದಲು ಸಿಟ್ಟಾದಳು, ಆಮೇಲೆ ನಕ್ಕಳು, ಆಮೇಲೆ ಮತ್ತೆ ಸಿಟ್ಟಾದಳು. ಗಂಡ ಮೂಡಲಗಿಯಲ್ಲಿದ್ದಾಗ ಕಾರು ಒಯ್ಯಬಹುದು, ಒದರುವುದಿಲ್ಲ, ಯಾರೂ ತಡೆಯುವುದಿಲ್ಲ. ಆದರೆ ಕಳ್ಳರಿಗೆಂದು ಹಾಕಿಸಿದ ಅಲಾರಮ್ಮಿನ ಕಣ್ಣು ತಪ್ಪಿಸಿ ತನ್ನ ಮನೆಯ ಕಾರನ್ನು ತಾನೇ ಕದ್ದು ಒಯ್ಯುವುದೇ? ಅದು ಅವಳಿಗೆ ಒಗ್ಗಲಿಲ್ಲ. ಎರಡನ್ನೂ ಸೆರಗಿನಲ್ಲಿ ಒರೆಸಿ, ಕೆಳಗಿಳಿದು, ಸಾಸಿವೆ ಡಬ್ಬಿಯಲ್ಲಿ ಇಟ್ಟಳು. ಅಣ್ಣಪ್ಪ ಇಷ್ಟು ವರ್ಷದಲ್ಲಿ ಮುಟ್ಟದ ಡಬ್ಬಿ ಅದು.

ಅಮಾವಾಸ್ಯೆಯ ದಿನ ವಾಹನ ಪೂಜೆ. ನಮ್ಮ ಕಡೆ ಪ್ರತಿ ಅಮಾವಾಸ್ಯೆಗೂ ಗಾಡಿಗೆ ಕಾಯಿ ಒಡೆಯುತ್ತಾರೆ, ದೀಪಾವಳಿಯದು ದೊಡ್ಡದು. ಬೆಳಿಗ್ಗೆ ಕಾರು ತೊಳೆದವಳು ದಾಕ್ಷಾಯಿಣಿ, ಚೆಂಡು ಹೂವಿನ ಮಾಲೆ ಕಟ್ಟಿದವಳು ಅವಳು, ಗಾಲಿಯ ಕೆಳಗೆ ಇಡಲು ನಿಂಬೆಹಣ್ಣು ಹುಡುಕಿದವಳು ಅವಳು. ಹೊಸ ಅಂಗಿ ತೊಟ್ಟು ಕಾರಿನ ಮುಂದೆ ನಿಂತವನು ಅಣ್ಣಪ್ಪ. ಪೂಜೆ ಮಾಡಿಸುವ ಅಯ್ಯನವರು ಬಂದರು. ಓಣಿಯ ಜನ ಬಂದರು. ಹಬ್ಬದ ದಿನವಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದರು.

ಅಯ್ಯನವರು ಕಾರಿಗೆ ವಿಭೂತಿ ಬಳಿದು, ಬಿಲ್ವಪತ್ರಿ ಏರಿಸಿ, ತಂಬಿಗೆಯ ನೀರು ಹನಿಸಿದರು. ಅಣ್ಣಪ್ಪನಿಗೆ ಅಷ್ಟು ಸಾಲಲಿಲ್ಲ. ಉಡದಾರದಿಂದ ರಿಮೋಟು ಬಿಚ್ಚಿ ಬೆಳ್ಳಿಯ ತಟ್ಟೆಯಲ್ಲಿ ಇಟ್ಟ.

"ಅಯ್ಯಾರ, ಕಾರಿನ ಜೀವಾ ಎಲ್ಲಾ ಇದರಾಗ ಐತ್ರಿ. ಇದಕ್ಕೂ ಆಗಲಿ."

"ಇದಕ್ಕ ನೀರ ಎರದ್ರ ನಡೀತೈತೇನಪಾ?" ಎಂದು ಅಯ್ಯನವರು ಪಾಪ ಕೇಳಿಯೇ ಕೇಳಿದರು.

"ಪೂಜಿ ಅಂದ ಮ್ಯಾಲ ಪದ್ಧತಿ ಪ್ರಕಾರ ಆಗಬೇಕ್ರಿ. ಅರ್ಧಂಬರ್ಧ ಬ್ಯಾಡ."

ಪದ್ಧತಿಯ ಪ್ರಕಾರವೇ ಆಯಿತು. ರಿಮೋಟಿಗೆ ನೀರೆರೆದರು, ಹಾಲೆರೆದರು, ಮೂರು ಬೆರಳಿನ ವಿಭೂತಿ ಹಚ್ಚಿದರು, ಮೇಲೊಂದು ಪತ್ರಿ ಇಟ್ಟರು. ಅಣ್ಣಪ್ಪ ಕಣ್ಣು ಮುಚ್ಚಿ ಕೈ ಮುಗಿದ. ಆಮೇಲೆ ತೆಂಗಿನಕಾಯಿ ಎತ್ತಿ, ಕಾರಿನ ಮುಂದಿನ ಕಲ್ಲಿಗೆ ಭರ್ಜರಿಯಾಗಿ ಒಡೆದ. ಅರ್ಧ ಹೋಳು ಹಾರಿ ಬಂಪರಿಗೆ ಬಡಿಯಿತು.

ಪೊಲೀಸ್ ಗಾಡಿ ಕೂಗಿತು.

ಅಣ್ಣಪ್ಪ ನಗುತ್ತಲೇ ರಿಮೋಟು ಎತ್ತಿ ಒತ್ತಿದ. ಗುಂಡಿಯ ಸಂದಿನಿಂದ ಹಾಲು ಬಂತು. ಇನ್ನೊಮ್ಮೆ ಒತ್ತಿದ, ವಿಭೂತಿಯ ನೀರು ಬಂತು. ಕಾರು ಆಂಬುಲೆನ್ಸಿಗೆ ದಾಟಿತು. ಅವನು ಚಾವಿ ಹಾಕಿ ಬಾಗಿಲು ತೆಗೆದ, ಅದು ಇನ್ನಷ್ಟು ಹೌಹಾರಿ ಬೆಂಕಿ ಆರಿಸುವ ಗಾಡಿಯಾಯಿತು. ಹಿತ್ತಲಲ್ಲಿ ಎಮ್ಮೆ ಹಗ್ಗ ಜಗ್ಗತೊಡಗಿತು. ಲಗಮಪ್ಪ ಕಿವಿಗೆ ಬೆರಳಿಟ್ಟುಕೊಂಡು, "ಬಾಯಿಗೆ ಏನರ ತುರಕ್ರಿ ಅದಕ್ಕ" ಎಂದು ಅರಚಿದ. ಯಾರೋ ಚನ್ನವ್ವನ ಕೌದಿ ಎಳೆದು ಕಾರಿಗೆ ಹೊದಿಸಿದರು. ಕೌದಿಯೊಳಗಿನಿಂದ ನವಿಲು ಕೂಗಿತು.

ಅಣ್ಣಪ್ಪ ಮನೆಯೊಳಗೆ ಓಡಿದ. ಅವನು ಏಣಿ ತಾನೇ ತಂದು, ತಾನೇ ಇಟ್ಟು, ತಾನೇ ಹತ್ತಿದ್ದನ್ನು ನೆರೆಹೊರೆಯವರು ಬಾಗಿಲಲ್ಲಿ ನಿಂತು ಕಂಡರು. ಅಟ್ಟದ ಮೇಲೆ ಮಿಕ್ಸರಿನ ಪೆಟ್ಟಿಗೆ ಬೋರಲು ಬಿದ್ದ ಸದ್ದಾಯಿತು.

"ದಾಕ್ಷಾಯಿಣೀ! ಇಲ್ಲಿ ಇಟ್ಟ ರಿಮೋಟ ಎಲ್ಲಿ?"

ದಾಕ್ಷಾಯಿಣಿ ಅಡುಗೆಮನೆಯಿಂದ ಬಂದಳು. "ಯಾವ ರಿಮೋಟ್ರಿ?"

"ಎರಡನೇದು!"

"ಎರಡನೇದು ಬಂದಿಲ್ಲ ಅಂದಿದ್ರೆಲ್ಲ?"

ಹೊರಗೆ ಪೀಪಿ ಶುರುವಾಯಿತು. ಅಣ್ಣಪ್ಪ ಏಣಿ ಇಳಿದ. ಹೊಸ ಅಂಗಿಯ ತೋಳಿಗೆ ಅವಳ ಕೈಗೂ ಸಿಗದೆ ಉಳಿದ ಒಂದು ಜೇಡರ ಬಲೆ ಹತ್ತಿತ್ತು.

"ಇರಲಿ, ತಪ್ಪಾತು. ಎಲ್ಲೈತಿ ಹೇಳ."

ಅವಳು ಸಾಸಿವೆ ಡಬ್ಬಿ ತಂದು ಮುಚ್ಚಳ ತೆಗೆಯದೆ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಳು. "ರಿಮೋಟ ಇದರಾಗ ಐತಿ. ಚಾವೀನೂ ಇದರಾಗ ಐತಿ. ನಾಡದ ಗುರುವಾರ."

"ಏನ?"

"ಗುರುವಾರ!"

"ಏನಂತಿ? ಕೇಳವಲ್ದು!"

ಕಾರು ಆರನೆಯ ನಮೂನೆಗೆ ಬಂದಿತ್ತು. ಓಣಿಯ ಮಕ್ಕಳು ಕುಣಿಯುತ್ತಿದ್ದರು. ದಾಕ್ಷಾಯಿಣಿ ಡಬ್ಬಿ ಅಲ್ಲಾಡಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. "ಪ್ರತಿ ಗುರುವಾರ ಕಾರ ನಂದು! ಈ ಚಾವೀನೂ ನಂದು! ಹೂಂ ಅಂತೀರೋ, ಇಲ್ಲೋ?"

ಅಣ್ಣಪ್ಪ ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ. ಅವನು ಬಾಯಿ ತೆರೆದ ಹೊತ್ತಿಗೇ, ಕಾರು ಉಸಿರು ತೆಗೆದುಕೊಳ್ಳಲು ಸುಮ್ಮನಾಯಿತು.

"ಆತವಾ ತಾಯೀ! ಗುರುವಾರ ಕಾರ ನಿಂದ! ಚಾವೀನೂ ನಿಂದ! ನೀ ಎಲ್ಲಿ ಬೇಕಾದಲ್ಲಿ ಒಯ್ಯಿ!"

ಓಣಿಯ ಜನರೆಲ್ಲ ಅಣ್ಣಪ್ಪನನ್ನು ನೋಡುತ್ತಿದ್ದರು. ಅವನು ರಾಜಪ್ಪನ ಅಂಗಡಿಯ ಮುಂದೆ ಬಯಸಿದ್ದು ಇದನ್ನೇ, ಆದರೆ ಈ ಬಗೆಯಲ್ಲಿ ಅಲ್ಲ.

"ಕೇಳಿದೆವಪಾ" ಎಂದ ಲಗಮಪ್ಪ ಎದುರಿನಿಂದ.

"ಅಮಾಸಿ ದಿನ ಪೂಜಿಯೊಳಗ ಆಡಿದ ಮಾತು" ಎಂದು ಅಯ್ಯನವರು ಕೈ ಎತ್ತಿದರು. "ಛಲೋ ಆತು. ತಪ್ಪಬ್ಯಾಡ."

ಕಾರು ಮತ್ತೆ ಪೊಲೀಸ್ ಗಾಡಿಯಿಂದ ಶುರು ಮಾಡಿತು. ದಾಕ್ಷಾಯಿಣಿ ಡಬ್ಬಿ ತೆಗೆದು, ಸಾಸಿವೆಯ ನಡುವಿನಿಂದ ರಿಮೋಟು ಎತ್ತಿ, ಊದಿ, ಒಮ್ಮೆ ಒತ್ತಿದಳು. ಕಾರು ಚಿಕ್ ಎಂದು ಸುಮ್ಮನಾಯಿತು.

ಗುರುವಾರ ಬೆಳಿಗ್ಗೆ ರೊಟ್ಟಿಯ ಬುಟ್ಟಿಗಳು ಹಿಂದಿನ ಸೀಟಿನಲ್ಲಿ, ಸುತ್ತ ಹಳೆಯ ಸೀರೆ ತುರುಕಿಸಿಕೊಂಡು, ಸೀಟ್ ಬೆಲ್ಟು ಕಟ್ಟಿಕೊಂಡು ಕೂತವು. ಅಣ್ಣಪ್ಪ ಕಟ್ಟೆಯ ಮೇಲೆ ನಿಂತು, ಹಿಂದೆ ಕಂಬ ಇದೆ, ಎಡಕ್ಕೆ ಗಟಾರ ಇದೆ, ಗೇರು ನೋಡು ಎಂದೆಲ್ಲ ಹೇಳುತ್ತಿದ್ದ. ದಾಕ್ಷಾಯಿಣಿ ಕಬ್ಬಿನ ಟ್ರೇಲರು ತೆಗೆಯುವ ಹಾಗೆ ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತೆಗೆದು, ತಿರುಗಿಸಿ, 'ಬರತೇನ್ರಿ' ಎಂದು ಅತ್ತೆಗೆ ಹೇಳಿ ಹೋದಳು.

ಗೋಕಾಕ ದಾಟಿತು, ಘಟಪ್ರಭಾ ದಾಟಿತು. ರಸ್ತೆಯ ತಗ್ಗು ಕಂಡಲ್ಲೆಲ್ಲ ನಿಧಾನಿಸಿ, ಹಿಂದಿನ ಸೀಟಿನ ಸದ್ದಿಗೆ ಕಿವಿಗೊಟ್ಟಳು. ಹುಕ್ಕೇರಿಯಲ್ಲಿ ಖಾನಾವಳಿಯ ಮುಂದೆ ಕಾರು ನಿಲ್ಲಿಸಿ, ಬುಟ್ಟಿ ಇಳಿಸಿ, ಬಾಗಿಲು ಸ್ವಲ್ಪ ಜೋರಾಗಿ ಹಾಕಿದಳೇನೋ, ಅಲಾರಂ ಕೂಗಿತು. ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ಬಾಗಿಲಿಗೆ ಬಂದರು. ಕಸ್ತೂರಿ ಸೌಟು ಹಿಡಿದೇ ಓಡಿ ಬಂದಳು.

"ಏನ್ರಿ ಅಕ್ಕಾರ ಇದು, ಯಾರರ ಮಂತ್ರಿ ಬಂದ್ರೇನಂತ ತಿಳದ್ನಿ!"

"ರೊಟ್ಟಿ ಬಂದಾವ" ಎಂದಳು ದಾಕ್ಷಾಯಿಣಿ. ಆಮೇಲೆ, ಅವಸರವಿಲ್ಲದೆ, ಗುಂಡಿ ಒತ್ತಿದಳು.

ಕಸ್ತೂರಿ ಬಟ್ಟೆ ಸರಿಸಿದಳು. ಮೇಲಿನ ರೊಟ್ಟಿ ಎತ್ತಿ ಉಗುರಿನಿಂದ ತಟ್ಟಿದಳು. ಕೆಳಗಿನದು ತೆಗೆದಳು, ಅದರ ಕೆಳಗಿನದು. ಹುಣ್ಣಿಮೆಯ ಚಂದ್ರನ ಹಾಗೆ ಇಡಿಯಾಗಿದ್ದವು. "ಸಂಕೇಶ್ವರದವರಿಗೆ ಬ್ಯಾಡ ಅಂತ ಹೇಳತೇನಿ" ಎಂದು ಒಳಗೆ ಕರೆದು, ತಾನೇ ಚಹಾ ಮಾಡಿ ಕೊಟ್ಟಳು. ಬೇರೆಯವರು ಮಾಡಿದ ಚಹಾ. ದಾಕ್ಷಾಯಿಣಿ ಅದನ್ನು ಪೂರ್ತಿ ಬಿಸಿ ಇರುವಾಗಲೇ ಕುಡಿದಳು. ಮನೆಯಲ್ಲಿ ಅದು ಸಾಧ್ಯವಾದದ್ದೇ ಇಲ್ಲ.

ಅದೇ ಹೊತ್ತಿಗೆ ಕಲ್ಲೋಳಿಯಲ್ಲಿ ಅಣ್ಣಪ್ಪ ಪಡಸಾಲೆಯ ಮಂಚದ ಮೇಲೆ ಅಡ್ಡಾಗಿದ್ದ. ಹೋಗುವಾಗ ದಾಕ್ಷಾಯಿಣಿ ಕುಕ್ಕರಿಗೆ ಬೇಳೆ ಹಾಕಿ ಮುಚ್ಚಿಟ್ಟು, "ಹೊತ್ತಾದಮ್ಯಾಲ ಗ್ಯಾಸ ಹಚ್ರಿ, ಸೀಟಿ ಹೊಡದ್ರ ಆರಸ್ರಿ" ಎಂದಿದ್ದಳು. ಹಚ್ಚಿದ್ದ. ಹಚ್ಚಿ ಬಂದು ಮಲಗಿದ್ದ. ಕಣ್ಣು ಹತ್ತುವಷ್ಟರಲ್ಲಿ ಕೂಗಿತು.

ನಿದ್ದೆಗಣ್ಣಿನಲ್ಲೇ ಕೈ ಉಡದಾರಕ್ಕೆ ಹೋಯಿತು. ಹಾಲು ಕುಡಿದ ರಿಮೋಟು ಇನ್ನೂ ಅಲ್ಲೇ ತೂಗುತ್ತಿತ್ತು. ಒತ್ತಿದ. ಇನ್ನೊಮ್ಮೆ ಒತ್ತಿದ. ಅಡುಗೆಮನೆಯಿಂದ ಮತ್ತೊಂದು ಸೀಟಿ ಬಂತು.

"ಏ, ನೋಡ..." ಎಂದ.

ಕಟ್ಟೆಯ ಮೇಲಿಂದ ಚನ್ನವ್ವನ ದನಿ ಬಂತು. "ಕುಕ್ಕರ್ ಅದು ತಮ್ಮಾ. ಕಂಪನೀದು. ಅದಕ್ಕ ಎದ್ದ ಹೋಗಬೇಕು."

ಅಣ್ಣಪ್ಪ ಎದ್ದ.